ಗಂಡು ಜಾಯಿಕಾಯಿ

ನರ್ಸರಿಯ ಕುರ್ಚಿಯಲ್ಲಿ ನಾನು ಕೂತ ಎರಡನೇ ದಿನ ಬಂದ ಮೊದಲ ಗಿರಾಕಿ ಗಿಡ ಕೊಳ್ಳಲು ಬಂದವರಾಗಿರಲಿಲ್ಲ. ಶಿರ್ತಾಡಿ ಕಡೆಯವರು, ಎಪ್ಪತ್ತರ ಆಸುಪಾಸು, ಬಿಳಿ ಮುಂಡು, ಕಂಕುಳಲ್ಲಿ ಕೊಡೆ. ಕೈಯಲ್ಲಿ ಹೂವಿದ್ದ ಒಂದು ರೆಂಬೆ. ಅದನ್ನು ರಶೀದಿ ಪುಸ್ತಕದ ಪಕ್ಕ, ಡಾಕ್ಟರ ಮೇಜಿನ ಮೇಲೆ ರಿಪೋರ್ಟು ಇಡುವ ಹಾಗೆ ಮೆಲ್ಲಗೆ ಇಟ್ಟು, “ಗಂಡು” ಅಂದರು.

“ಯಾರು?” ಅಂದೆ.

“ಜಾಯಿಕಾಯಿ. ಎರಡೂ ಗಂಡು. ಏಳು ವರ್ಷ ನೀರು ಹಾಕಿದ್ದೇನೆ ಮಾರಾಯ್ತಿ.”

ನಾನು ಹತ್ತೊಂಬತ್ತು ವರ್ಷ ಸಹಕಾರಿ ಸಂಘದ ಕೌಂಟರಿನಲ್ಲಿ ಕೂತವಳು. ನಮ್ಮ ಕಡೆ ಸೊಸೈಟಿ ಅಂದರೇ ಗೊತ್ತಾಗುವುದು. ಅಲ್ಲಿ ಏನೇ ಎಡವಟ್ಟಾಗಿದ್ದರೂ ಮಾರ್ಚ್ 31ರ ರಾತ್ರಿಯೊಳಗೆ ಹುಡುಕಿ, ಎರಡು ಕಡೆಯ ಮೊತ್ತ ತಾಳೆಮಾಡಿ, ಕೆಳಗೆ ಎರಡು ಗೀಟು ಎಳೆದು ಮನೆಗೆ ಹೋಗಬಹುದು. ಏಪ್ರಿಲ್ ಒಂದಕ್ಕೆ ಹೊಸ ಪುಸ್ತಕ. ಏಳು ವರ್ಷದ ಹಿಂದೆ ಅರುವತ್ತೋ ಎಪ್ಪತ್ತೋ ರೂಪಾಯಿಗೆ ಮಾರಿದ ಸಾಮಾನಿನ ದೂರನ್ನು ಇವತ್ತು ಹೊತ್ತು ತಂದವರಿಗೆ ಏನು ಹೇಳಬೇಕೆಂದು ಆ ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ಒಳಗೆ ಕೂತಿದ್ದ ಅಮ್ಮನಿಗೆ ಮಾತು ಕೇಳಿಸಿತು. ಮೊಣಕಾಲಿಗೆ ಕೈಯೂರಿ ಎದ್ದು ಬಂದು, ರೆಂಬೆಯನ್ನು ಬೆಳಕಿಗೆ ಹಿಡಿದು, ಗೊಂಚಲಾಗಿದ್ದ ಸಣ್ಣ ಹಳದಿ ಹೂಗಳನ್ನು ನೋಡಿದಳು. “ಎರಡೂ ಗಂಡಾ?” ಅಂದಳು. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತವರು ಕೇಳುವ ದನಿ.

ಜಾಯಿಕಾಯಿಯ ಹಣೆಬರಹವೇ ಹಾಗೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಗಿಡವನ್ನು ನೋಡಿ ಇದು ಯಾವುದು ಎಂದು ಹೇಳುವ ಗಂಡಸಾಗಲಿ ಹೆಂಗಸಾಗಲಿ ಹುಟ್ಟಿಲ್ಲ. ಎಲೆಯ ಆಕಾರ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಐದರಿಂದ ಎಂಟು ವರ್ಷ ಕಾದು, ಹೂ ಬಂದ ಮೇಲೆ ಗುಟ್ಟು ಗೊತ್ತಾಗುವುದು. ಹೆಚ್ಚು ಕಡಿಮೆ ಅರ್ಧಕ್ಕರ್ಧ ಗಂಡು. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು, ಉಳಿದವುಗಳದ್ದು ಬರೀ ನೆರಳು. ಅದಕ್ಕೇ ಈಗ ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟುವುದು. ಅದರಲ್ಲೂ ನೆಟ್ಟಗೆ ಏರುವ ಕುಡಿಯೇ ಆಗಬೇಕು, ಪಕ್ಕದ ರೆಂಬೆಯ ಕುಡಿ ಕಟ್ಟಿದರೆ ಗಿಡ ಜನ್ಮವಿಡೀ ಪಕ್ಕಕ್ಕೇ ಹಬ್ಬುತ್ತದೆ, ಮರದ ಅಂದ ಬರುವುದಿಲ್ಲ. ಆದರೆ ಶಿರ್ತಾಡಿಯವರು ಕೊಂಡು ಹೋದ ಕಾಲಕ್ಕೆ ನಮ್ಮಲ್ಲಿ ಇದ್ದದ್ದು ಬೀಜದ ಗಿಡ.

ಅಮ್ಮ ಒಳಗಿನಿಂದ ಒಂದು ಇನ್ನೂರು ಪುಟದ ಬರೆ ಪುಸ್ತಕ ತಂದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿ, ಒಂದು ಸಾಲಿನಲ್ಲಿ ನಿಂತಳು. “ಹೌದು. ಎರಡು ಕೊಟ್ಟಿದ್ದೇನೆ. ನಾಲ್ಕು ತೆಗೆದುಕೊಳ್ಳಿ ಅಂದಿದ್ದೆ, ನೀವು ಎರಡೇ ಸಾಕು ಅಂದಿರಿ. ನಿಮ್ಮ ಆಚೆ ಮನೆಯವರು ಆರು ಕೊಂಡಿದ್ದರು, ಅವರದ್ದು?”

“ಅವರದ್ದು ಭರ್ಜರಿ ಉಂಟು. ಕಾಯಿ ಒಡೆದು ಕೆಂಪು ಜಾಪತ್ರೆ ನೇತಾಡುತ್ತಿದೆ.”

“ಮತ್ತೆ! ಅವರಿಗೆ ಕಾಯಿ ಆಗುವುದು ನಿಮ್ಮ ಗಂಡಿನಿಂದ.”

ಅವರು ಒಂದು ಗಳಿಗೆ ಯೋಚಿಸಿ, “ಹಾಗಾದರೆ ಅವರ ಜಾಯಿಕಾಯಿಯಲ್ಲಿ ನನಗೂ ಪಾಲು ಉಂಟಲ್ಲ ಅಕ್ಕ?” ಅಂದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಮ್ಮ ಎರಡು ಕಸಿ ಗಿಡ ಆರಿಸಿ ಅವರ ರಿಕ್ಷಾದಲ್ಲಿ ಇಡಿಸಿ ಆಗಿತ್ತು, ದುಡ್ಡಿನ ಮಾತೇ ಇಲ್ಲದೆ. ಒಂದು ಗಂಡನ್ನು ಕಡಿದು ಆ ಜಾಗಕ್ಕೆ ಇದನ್ನು ನೆಡಿ, ಇನ್ನೊಂದು ಇರಲಿ ಎಂಬ ಬುದ್ಧಿವಾದ ಬೇರೆ. ರಿಕ್ಷಾ ಹೋದ ಮೇಲೆ, “ಇದನ್ನು ಯಾವ ಖಾತೆಗೆ ಬರೆಯಲಿ?” ಅಂತ ಕೇಳಿದೆ. “ಬರೆಯುವುದು ಎಂತಕ್ಕೆ?” ಅಂದಳು.

ನರ್ಸರಿ ಅಮ್ಮನದ್ದು. ಜಾಗ ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ಅಳಿಯಕಟ್ಟಿನ ಸೀಮೆ ನಮ್ಮದು, ಚೌಟರ ಅರಮನೆ ಇರುವ ಮೂಡುಬಿದಿರೆ. ಉಳ್ಳಾಲದ ಅಬ್ಬಕ್ಕ ಆ ಮನೆತನದವಳೇ. ಕಾಯ್ದೆಗಳು ಬದಲಾದ ಮೇಲೂ ಮನೆ ಹೆಣ್ಣಿನ ಕಡೆಯಿಂದ ಇಳಿಯುವುದು ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹಾಗಾಗಿ ಅಮ್ಮನ ಮೊಣಕಾಲು ಕೈಕೊಟ್ಟಾಗ ಅಣ್ಣ ಮುಂಬಯಿಯಿಂದ ಫೋನು ಮಾಡಿ, “ನೀನು ಉಂಟಲ್ಲ” ಅಂತ ಎರಡೇ ಮಾತಲ್ಲಿ ಮುಗಿಸಿದ. ಹೌದು, ನಾನು ಇದ್ದೆ. ಸೊಸೈಟಿಗೆ ರಾಜೀನಾಮೆ ಬರೆದೆ. ಬೆಳಿಗ್ಗೆ ಒಂಬತ್ತೂವರೆಗೆ ಸೀರೆ ಉಟ್ಟು ಹೊರಡುತ್ತಿದ್ದವಳು ಆರು ಗಂಟೆಗೆ ನೈಟಿಯ ಮೇಲೆ ಹಳೆಯ ಅಂಗಿ ಏರಿಸಿ ಪೈಪು ಹಿಡಿದು ನಿಂತೆ.

ನರ್ಸರಿ ಶುರುವಾದದ್ದು ಮಲ್ಲಿಗೆಯಿಂದ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಶಂಕರಪುರದ ಮಲ್ಲಿಗೆ ಗೊತ್ತಲ್ಲ? ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆಯ ಸೀಸನ್ನಿನಲ್ಲಿ ಗಂಟೆಗೊಂದು. ಅಮ್ಮ ಯಾರದೋ ಮನೆಯಿಂದ ಗೆಲ್ಲು ತಂದು ನೆಟ್ಟಳು. ಹೂ ಮಾರಿ ದುಡ್ಡು ಮಾಡುವ ಅಂದಾಜು. ಹೂವಿಗಿಂತ ಹೆಚ್ಚಾಗಿ ನೆರೆಕರೆಯವರು ಗೆಲ್ಲು ಕೇಳಿದರು. ಕೊಟ್ಟ ಗೆಲ್ಲು ಬದುಕಲಿಲ್ಲ. “ನೀವೇ ಬೇರು ಬರಿಸಿ ಕೊಡಿ ಅಕ್ಕ” ಅಂದರು. ಹಾಗೆ ಬೇರು ಬರಿಸಿ ಕೊಡುವುದೇ ಕಸುಬಾಯಿತು. ಮಲ್ಲಿಗೆಯ ಹಿಂದೆ ಒಳ್ಳೆಮೆಣಸು, ಅದರ ಹಿಂದೆ ಅಡಿಕೆ, ಗೇರು, ಮಾವು.

ಆಗ ಗಿಡ ನೆಡುವ ಕಪ್ಪು ಪ್ಲಾಸ್ಟಿಕ್ ತೊಟ್ಟೆ ಬೇಕೆಂದರೆ ಮಂಗಳೂರಿಗೇ ಹೋಗಬೇಕಿತ್ತು, ದುಡ್ಡೂ ಕೊಡಬೇಕಿತ್ತು. ಅಮ್ಮ ಪೇಟೆಯ ಹೋಟೆಲುಗಳಿಂದ ಹಾಲಿನ ಖಾಲಿ ತೊಟ್ಟೆ ತರಿಸುತ್ತಿದ್ದಳು. ಅದನ್ನು ತೊಳೆದು, ಬುಡಕ್ಕೆ ದಬ್ಬಣದಲ್ಲಿ ನಾಲ್ಕು ತೂತು ಮಾಡುವುದು ನನ್ನ ಕೆಲಸ. ಮಣ್ಣು ತುಂಬಿಸುವುದು ಅಣ್ಣನದ್ದು. ತೊಟ್ಟೆ ತುಂಬಿಸುವುದು ಮಕ್ಕಳಾಟ ಅಂದುಕೊಳ್ಳಬೇಡಿ. ಕಾಲುಭಾಗ ಮಣ್ಣು ಹಾಕಿ ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಬೇಕು, ಇಲ್ಲದಿದ್ದರೆ ತೊಟ್ಟೆ ನಿಲ್ಲುವುದಿಲ್ಲ. ಮತ್ತೆ ತುಂಬಿಸಿ ನೆಲಕ್ಕೆ ಮೂರು ಸಲ ಕುಟ್ಟಬೇಕು. ಎರಡು ಸಲ ಕುಟ್ಟಿದರೆ ಮಧ್ಯದಲ್ಲಿ ಪೊಳ್ಳು ಉಳಿದು ಸೊಂಟ ಮುರಿಯುತ್ತದೆ, ನಾಲ್ಕು ಸಲ ಕುಟ್ಟಿದರೆ ಮಣ್ಣು ಗಟ್ಟಿಯಾಗಿ ನೀರು ಇಳಿಯುವುದಿಲ್ಲ. ಬಾಯಿಯಿಂದ ಒಂದು ಬೆರಳು ಕೆಳಗೆ ನಿಲ್ಲಿಸಬೇಕು, ನೀರು ನಿಲ್ಲಲು. ಇಷ್ಟನ್ನೂ ಅಮ್ಮ ಎಂದೂ ಬಾಯಲ್ಲಿ ಹೇಳಿದವಳಲ್ಲ. ಸರಿಯಾಗದ ತೊಟ್ಟೆಯನ್ನು ಕಾಲಲ್ಲಿ ತಳ್ಳಿ ಬೀಳಿಸುತ್ತಿದ್ದಳು, ಅಷ್ಟೆ.

ಮಣ್ಣು ಅಂದರೆ ಬರೀ ಮಣ್ಣಲ್ಲ. ನಮ್ಮದು ಮುರಕಲ್ಲಿನ ನೆಲ, ಅದರ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಅಂಟು. ಅದಕ್ಕೆ ಹೊಳೆ ಮರಳು ಸೇರಬೇಕು, ಹುಡಿಯಾದ ಹಟ್ಟಿಗೊಬ್ಬರ ಸೇರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸುಡುಮಣ್ಣು ಸೇರಬೇಕು. ಫೆಬ್ರವರಿ ಮಾರ್ಚಿನಲ್ಲಿ ಗುಡ್ಡೆಯ ತರಗೆಲೆ, ಕಡ್ಡಿ, ಹುಲ್ಲಿನ ಬೇರು ಅಂಟಿಕೊಂಡ ಮೇಲ್ಮಣ್ಣಿನ ಹೆಂಟೆಗಳನ್ನು ಪದರ ಪದರವಾಗಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬುಡಕ್ಕೆ ಬೆಂಕಿ ಕೊಟ್ಟರೆ ನಾಲ್ಕೈದು ದಿನ ಒಳಗೊಳಗೇ ಬೇಯುತ್ತದೆ. ಉರಿ ಕಾಣಬಾರದು, ಹೊಗೆ ಮಾತ್ರ. ರಾತ್ರಿ ಜಗಲಿಯಲ್ಲಿ ಮಲಗಿದರೆ ಆ ವಾಸನೆ ಬರುತ್ತದೆ: ಅರ್ಧ ಸುಟ್ಟ ಎಲೆಯದ್ದು, ಅರ್ಧ ಮೊದಲ ಮಳೆಯದ್ದು. ಕಳೆಯ ಬೀಜ, ಹುಳದ ಮೊಟ್ಟೆ ಎಲ್ಲ ಸತ್ತು ಮಣ್ಣು ಹಗುರಾಗಿ ಕಾಫಿಪುಡಿಯ ಹಾಗೆ ಉದುರುತ್ತದೆ. ಈಗ ತೆಂಗಿನ ನಾರಿನ ಹುಡಿ ಇಟ್ಟಿಗೆಯ ಹಾಗೆ ಅಚ್ಚಾಗಿ ಬರುತ್ತದೆ. ನೀರಿಗೆ ಹಾಕಿದರೆ ಉಬ್ಬುತ್ತದೆ, ಕೆಲಸ ಸಲೀಸು. ನಾನು ಅದನ್ನೇ ತರಿಸುತ್ತೇನೆ. ಅಮ್ಮನಿಗೆ ಅದು ಮಣ್ಣೇ ಅಲ್ಲ. “ಚಾಪೆಯ ಕಸ” ಅನ್ನುತ್ತಾಳೆ. ಒಳ್ಳೆಮೆಣಸಿನ ತೊಟ್ಟೆಗೆ ಮಾತ್ರ ಇವತ್ತಿಗೂ ಸುಡುಮಣ್ಣೇ ಆಗಬೇಕು. ಅಲ್ಲಿ ನಾನು ಸೋತಿದ್ದೇನೆ. ಸೋತದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ಸಾಲು ಸಾಯುವುದು ಕಡಿಮೆ.

ಒಳ್ಳೆಮೆಣಸಿನ ಬಳ್ಳಿಯ ಬುಡದಿಂದ ನೆಲಕ್ಕೆ ಹರಿಯುವ ಕುಡಿಗಳಿರುತ್ತವೆ. ಅವು ಮಣ್ಣಿಗೆ ಬೇರು ಬಿಡದ ಹಾಗೆ ಒಂದು ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ ಮಾರ್ಚಿನಲ್ಲಿ ಕತ್ತರಿಸಿ, ತುದಿಯ ಎಳತು, ಬುಡದ ಬಲಿತದ್ದು ಎರಡೂ ಬಿಟ್ಟು ನಡುವಿನದನ್ನು ಎರಡು ಮೂರು ಗಂಟಿಗೆ ಒಂದರಂತೆ ತುಂಡು ಮಾಡಿ ತೊಟ್ಟೆಗಿಳಿಸಬೇಕು. ಅಲ್ಲಿಂದ ಮೂರು ತಿಂಗಳು ಬಿಸಿಲಿಗೂ ಗಿಡಕ್ಕೂ ನಡುವೆ ನಿಲ್ಲುವುದೇ ನರ್ಸರಿಯವರ ಉದ್ಯೋಗ. ಮೊದಲು ತೆಂಗಿನ ಮಡಲಿನ ಚಪ್ಪರ, ಈಗ ಹಸಿರು ನೆಟ್ಟು. ಪತ್ತನಾಜೆಯ ಹೊತ್ತಿಗೆ ಗಿಡ ತಯಾರಾಗಬೇಕು. ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಅವತ್ತು ಭೂತಗಳ ಗಗ್ಗರ ಒಳಗೆ ಹೋಗುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಊರಿನ ಗೌಜಿ ಮುಗಿದು ಮಳೆಯ ದಾರಿ ಕಾಯುವುದು ಶುರು. ನಮ್ಮ ಗೌಜಿ ಶುರುವಾಗುವುದೇ ಅವತ್ತಿನಿಂದ. ಮೊದಲ ಎರಡು ಮಳೆ ಬಿದ್ದ ಮರುದಿನ ಬೆಳಿಗ್ಗೆ ಏಳಕ್ಕೆ ಜೀಪು, ರಿಕ್ಷಾ, ಪಿಕ್‌ಅಪ್, ಸ್ಕೂಟರಿನ ಕಾಲಿಡುವ ಜಾಗದಲ್ಲಿ ತೆಂಗಿನ ಸಸಿ ಇಟ್ಟುಕೊಂಡು ಎರಡು ಕಾಲನ್ನೂ ಹೊರಗೆ ಚಾಚಿ ಹೋಗುವವರು. ವರ್ಷದ ಮುಕ್ಕಾಲು ವ್ಯಾಪಾರ ಆ ನಲವತ್ತು ದಿನಗಳಲ್ಲೇ.

ಮತ್ತೆ ಆಟಿ ತಿಂಗಳು. ಆಟಿಯಲ್ಲಿ ಕೊಳ್ಳುವವರಿಲ್ಲ, ಆದರೆ ಆಟಿ ಅಮಾವಾಸ್ಯೆಯ ಮುಂಜಾನೆ ನಾಲ್ಕು ಗಂಟೆಗೆ ನಮ್ಮ ಗೇಟಿನ ಬಳಿ ಟಾರ್ಚುಗಳು ಕಾಣುತ್ತವೆ. ಅಲ್ಲೊಂದು ಹಾಲೆ ಮರ ಉಂಟು, ತುಳುವಿನಲ್ಲಿ ಪಾಲೆ. ಅದರ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ರಸ ಹಿಂಡಿ, ಖಾಲಿ ಹೊಟ್ಟೆಗೆ ಕುಡಿಯುವುದು ನಮ್ಮ ಕಡೆಯ ಪದ್ಧತಿ; ಮೇಲಿನಿಂದ ಮೆಂತೆ ಗಂಜಿ. ಕತ್ತಲಲ್ಲಿ ಪಾಲೆ ಎಂದು ಕಾಸರಕದ ತೊಗಟೆ ತಂದು ಪ್ರಾಣ ಕಳಕೊಂಡ ಸುದ್ದಿಯನ್ನೂ ಕೇಳಿದ್ದೇವಲ್ಲ, ಅದಕ್ಕೆ ಅಮ್ಮ ಮರದ ಕಾಂಡಕ್ಕೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ‘ಪಾಲೆ’ ಎಂದು ಬರೆಸಿದ್ದಾಳೆ. ಇಡೀ ನರ್ಸರಿಯಲ್ಲಿ ಅಮ್ಮ ಬೋರ್ಡು ಹಾಕಿದ ಮರ ಅದೊಂದೇ. ದುಡ್ಡು ತೆಗೆದುಕೊಳ್ಳದ ಮರವೂ ಅದೊಂದೇ ಅಂತ ಬರೆಯುವವಳಿದ್ದೆ. ಶಿರ್ತಾಡಿಯವರು ನೆನಪಾದರು.

ಗಿಡ ಮಾರುವುದಕ್ಕೂ ಅಮ್ಮನಿಗೆ ಸ್ವಂತದ ಕಾನೂನು. ಬಂದವರನ್ನು ಮೊದಲು ಕೂರಿಸುತ್ತಾಳೆ. ಆಮೇಲೆ ವಿಚಾರಣೆ. ಜಾಗ ಬೆಟ್ಟೋ, ಮಜಲೋ, ಬೈಲೋ? ಬಾವಿಯಲ್ಲಿ ಏಪ್ರಿಲಿಗೆ ಎಷ್ಟು ಕೋಲು ನೀರು? ಡಿಸೆಂಬರಿನಿಂದ ಮೇ ತನಕ ನೀರು ಹಾಕುವವರು ಯಾರು? ನೀವು ಬೆಂಗಳೂರಲ್ಲಾದರೆ ಇಲ್ಲಿ ಯಾರಿದ್ದಾರೆ? ಐವತ್ತು ಗಿಡ ಕೇಳಿದವರಿಗೆ ಹದಿನೈದು ಕೊಟ್ಟು, “ಇದನ್ನು ಬದುಕಿಸಿ, ಮುಂದಿನ ವರ್ಷ ಬನ್ನಿ” ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೊಸೈಟಿಯಲ್ಲಿ ಸಾಲ ಕೊಡುವಾಗಲೂ ನಾವು ಇಷ್ಟು ಕೇಳಿದ್ದಿಲ್ಲ. ಮುಂಡಪ್ಪ ಮಾವಿನ ಗಿಡ ಕೇಳಿದವರಿಗೆ, “ಹಣ್ಣು ದೊಡ್ಡದು, ರುಚಿ, ಸಿಪ್ಪೆ ತೆಳು, ದೂರ ಕಳಿಸಲಿಕ್ಕೆ ಆಗುವುದಿಲ್ಲ, ಮನೆಗಾದರೆ ಸರಿ” ಎಂದು ಗುಣದ ಜೊತೆ ದೋಷವನ್ನೂ ಹೇಳುತ್ತಾಳೆ. ರಂಬುಟಾನ್ ಬೀಜದ ಗಿಡ ಅಗ್ಗಕ್ಕೆ ಕೇಳಿದರೆ ಇಲ್ಲವೇ ಇಲ್ಲ. ಅದೂ ಗಂಡಾಗಬಹುದು, ಕಸಿಯದ್ದೇ ಆಗಬೇಕು. ಒಂದು ಜಾಯಿಕಾಯಿಯಿಂದ ಕಲಿತ ಪಾಠ ಅದು ಅಂತ ಕಾಣುತ್ತದೆ.

ಮ್ಯಾಂಗೋಸ್ಟೀನ್ ಮಾತ್ರ ಬೀಜದ್ದೇ ಕೊಡುತ್ತಾಳೆ. ಅದರ ಬೀಜಕ್ಕೆ ಅಪ್ಪನ ಹಂಗಿಲ್ಲ. ಗಂಡಿನ ಪರಾಗವಿಲ್ಲದೆ ತಾಯಿಯ ಒಡಲಿನಿಂದಲೇ ಮೊಳೆಯುವ ಬೀಜ, ಹಾಗಾಗಿ ಗಿಡ ತಾಯಿಯಂತೆಯೇ ಬರುತ್ತದೆ. “ಇದು ನಮ್ಮ ಅಳಿಯಕಟ್ಟಿನ ಹಣ್ಣು” ಎಂದು ಒಮ್ಮೆ ತಮಾಷೆ ಮಾಡಿದೆ. “ಆದರೆ ಉದಾಸೀನ ಜಾಸ್ತಿ” ಅಂದಳು. ನಿಜ. ವರ್ಷಕ್ಕೆ ನಾಲ್ಕೆಲೆ, ಆರೆಲೆ. ಏಳೆಂಟು ವರ್ಷ ಹಣ್ಣಿನ ಸುದ್ದಿಯಿಲ್ಲ. ಬೀಜವನ್ನಂತೂ ಒಣಗಿಸಿ ಇಡುವ ಹಾಗೇ ಇಲ್ಲ, ಹಣ್ಣು ತಿಂದ ಬಾಯಿ ಆರುವುದರೊಳಗೆ ಮಣ್ಣಿಗೆ ಹೋಗಬೇಕು.

ಈ ಹಣ್ಣುಗಳ ಹುಚ್ಚು ನಮ್ಮ ಊರಿಗೆ ಸುಮ್ಮನೆ ಹತ್ತಿದ್ದಲ್ಲ. ಮೂಡುಬಿದಿರೆಯ ಸೋನ್ಸ್ ಫಾರ್ಮ್ ಕೃಷಿಕರಿಗೆಲ್ಲ ಗೊತ್ತು. ಅಲ್ಲಿನ ಅನಾನಸು ನೋಡಲು, ಹೊರದೇಶದ ಹಣ್ಣಿನ ಮರಗಳ ಕೆಳಗೆ ನಿಂತು ಬಾಯಿ ಚಪ್ಪರಿಸಲು ಜನ ವಾಹನ ಮಾಡಿಕೊಂಡು ಬರುತ್ತಾರೆ. ಅದೂ ತಲೆಮಾರು ದಾಟಿದ ತೋಟವೇ. ಅಲ್ಲಿಂದ ಹೊರಟವರು ದಾರಿಯಲ್ಲಿ ನಮ್ಮಲ್ಲೂ ಇಳಿಯುತ್ತಾರೆ, ಅಲ್ಲಿ ಕಂಡದ್ದನ್ನೆಲ್ಲ ಕೇಳುತ್ತಾರೆ. ಅಮ್ಮನಿಗೆ ಇನ್ನೊಬ್ಬ ಗುರು ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’. ಹಳೆಯ ಸಂಚಿಕೆಗಳನ್ನು ಸಣಬಿನ ಹಗ್ಗದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದಾಳೆ. ನನಗೆ ಕೊಟ್ಟ ಆಸ್ತಿಯಲ್ಲಿ ಅದೂ ಸೇರಿದೆ, ಗೆದ್ದಲು ತಿಂದ ಪುಟಗಳ ಸಮೇತ.

ಅಡಿಕೆಯ ಮಾತಿಲ್ಲದೆ ನಮ್ಮ ಕಡೆ ಯಾವ ಮಾತೂ ಮುಗಿಯುವುದಿಲ್ಲ. ವಿಟ್ಲದ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ. ಅಲ್ಲಿಂದ 1972ರಲ್ಲಿ ಹೊರಬಂದ ‘ಮಂಗಳ’ ಚೀನಾ ಮೂಲದ ತಳಿ. ಆಮೇಲೆ ಸುಮಂಗಳ, ಶ್ರೀಮಂಗಳ, ಸ್ವರ್ಣಮಂಗಳ ಎಂದು ಮದುವೆಮನೆಯ ಹೆಂಗಸರ ಹಾಗೆ ಮಂಗಳೆಯರ ಸಾಲೇ ಬಂತು. ಗಿರಾಕಿಗಳು ಹೆಸರು ಹೇಳಿ ಕೇಳುತ್ತಾರೆ. ಅಮ್ಮ ಹೆಸರಿಗಿಂತ ತಾಯಿಮರ ನೋಡುವವಳು. ಕಲ್ಲಬೆಟ್ಟಿನ ಒಂದು ತೋಟದಲ್ಲಿ ಅವಳು ಗುರುತು ಹಾಕಿಟ್ಟ ಮರಗಳುಂಟು. ಅವುಗಳ ನಡುಗೊನೆಯ ಚೆನ್ನಾಗಿ ಮಾಗಿದ ಹಣ್ಣಡಿಕೆ ತಂದು ದೊಡ್ಡ ತಪಲೆಯ ನೀರಿಗೆ ಹಾಕುತ್ತಾಳೆ. ಅಡ್ಡ ಮಲಗಿ ತೇಲುವುದು ಒಂದು ಜಾತಿ. ತೊಟ್ಟಿನ ಕಡೆ ಮೇಲಾಗಿ ನೆಟ್ಟಗೆ ನಿಂತು ತೇಲುವುದು ಇನ್ನೊಂದು. ನಿಂತದ್ದನ್ನು ಮಾತ್ರ ಆರಿಸಿ, ಅದು ನೀರಿನಲ್ಲಿ ನಿಂತ ಹಾಗೆಯೇ ಮರಳಿನ ಪಾತಿಯಲ್ಲಿ ನಿಲ್ಲಿಸಿ ಬಿತ್ತುವುದು. ಮೂರು ತಿಂಗಳಿಗೆ ಮೊಳಕೆ ಒಡೆದು ಎಲೆ ಬಿಚ್ಚಿದ್ದನ್ನು ತೊಟ್ಟೆಗೆ ದಾಟಿಸಬೇಕು. ಇದು ಅಮ್ಮನ ಸ್ವಂತ ಹಟ ಎಂದೇ ನಾನು ನಂಬಿದ್ದೆ. ಆಮೇಲೆ ನೋಡಿದರೆ ವಿಜ್ಞಾನಿಗಳ ಕೈಪಿಡಿಯಲ್ಲೂ ಅದೇ ಬರೆದಿದೆ. ಹೇಳಿದರೆ ಅಮ್ಮ ಉಬ್ಬಲಿಲ್ಲ. “ಅವರೂ ಯಾರದೋ ಅಂಗಳದಲ್ಲಿ ನೋಡಿಯೇ ಬರೆದಿರಬೇಕು” ಅಂದಳು.

ಅಡಿಕೆ ಸಸಿ ಮಾರುವಾಗ ನನಗೊಂದು ಕಸಿವಿಸಿ. ಕೊಳ್ಳುವವರಲ್ಲಿ ಹೆಚ್ಚಿನವರು ಇವತ್ತು ಗದ್ದೆಗೆ ನೆಡಲೆಂದೇ ಒಯ್ಯುವುದು. ಬೈಲಿನ ಗದ್ದೆ, ನಾನು ಸಣ್ಣವಳಿದ್ದಾಗ ಏಣೆಲು ಬೆಳೆಗೆ ಕೆಸರಾಗಿ ಹೊಳೆಯುತ್ತಿದ್ದ ಗದ್ದೆಗಳು. ಬೇಸಾಯಕ್ಕೆ ಜನವಿಲ್ಲ, ಲೆಕ್ಕ ಹಾಕಿದರೆ ಭತ್ತದಲ್ಲಿ ಕೈಗೇನೂ ಉಳಿಯುವುದಿಲ್ಲ, ಎಲ್ಲ ಸರಿ. ಸೊಸೈಟಿಯ ಕೌಂಟರಿನಲ್ಲಿ ಆ ಲೆಕ್ಕ ನಾನೇ ಹಾಕಿ ಕೊಟ್ಟಿದ್ದೇನೆ. ಆದರೂ ಬೈಲು ತುಂಬ ಕಂಬ ನೆಟ್ಟ ಹಾಗೆ ಅಡಿಕೆ ಎದ್ದದ್ದನ್ನು ಕಂಡಾಗ, ಅದರಲ್ಲಿ ಇಷ್ಟು ಸಾವಿರ ನಮ್ಮ ಅಂಗಳದಿಂದ ಹೋದದ್ದು ಎಂದು ನೆನಪಾಗುತ್ತದೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗದ ಸುದ್ದಿ ಓದಿದ ದಿನ ಇನ್ನೂ ಹೆಚ್ಚು. ಹಾಗೆಂದು ಮಾರುವುದು ನಿಲ್ಲಿಸಿದ್ದೇನೆಯೇ? ಇಲ್ಲ.

ಬಿದಿರನ್ನು ಮಾತ್ರ ಕೇಳುವವರಿಲ್ಲ. ಊರಿನ ಹೆಸರೇ ಬಿದಿರೆ. ಮೂಡಲಿನದು ಮೂಡುಬಿದಿರೆ, ಕಡಲ ಬದಿಯದ್ದು ಪಡುಬಿದ್ರಿ. ಬಿದಿರಿನ ಹಿಂಡಲು ಕಡಿಸಿ ಪಾರ್ಶ್ವನಾಥನ ಮೂರ್ತಿ ಹೊರತೆಗೆದರು, ಅಲ್ಲೇ ಗುರುಬಸದಿ ಎದ್ದಿತು ಎಂಬ ಕತೆಯನ್ನು ಸಾವಿರ ಕಂಬದ ಬಸದಿ ನೋಡಲು ಬಂದವರಿಗೆಲ್ಲ ಹೇಳುತ್ತೇವೆ. ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ. ಬಿದಿರು ಅದಕ್ಕೂ ಮೊದಲೇ ಕಡಿದಾಗಿತ್ತು ಅನ್ನಿ. ಈಗ ಬಿದಿರು ಬೇಕೆನ್ನುವವರು ಹೊಸ ಮನೆಯ ಗೇಟಿನ ಬದಿಗೆ ಹಳದಿ ಬಣ್ಣದ, ಮುಳ್ಳಿಲ್ಲದ, ಎಲೆ ಉದುರದ ಬಿದಿರು ಬೇಕೆನ್ನುತ್ತಾರೆ. ಎಲೆ ಉದುರದ ಬಿದಿರಿಗೆ ಪ್ಲಾಸ್ಟಿಕ್ ಅಂಗಡಿಗೆ ಹೋಗಬೇಕು.

ನನ್ನ ಸ್ವಂತ ಬುದ್ಧಿಯಿಂದ ಆದ ಒಂದು ಅನಾಹುತವನ್ನೂ ಹೇಳಿಬಿಡುತ್ತೇನೆ. ವಹಿಸಿಕೊಂಡ ಮೊದಲ ವರ್ಷ, ಅಮ್ಮ ಹದಿನೈದು ದಿನ ಅಣ್ಣನ ಮನೆಗೆ ಹೋಗಿದ್ದಾಗ, ಹೊರಗಿನಿಂದ ಗಿಡದ ಲಾರಿ ಬಂತು. ಗೋದಾವರಿ ದಡದ ಕಡಿಯಂ, ತೃಶ್ಶೂರಿನ ಮಣ್ಣುತ್ತಿ ಇವೆಲ್ಲ ಊರಿಗೆ ಊರೇ ನರ್ಸರಿಯಾಗಿರುವ ಜಾಗಗಳು. ಅಂಥಲ್ಲಿಂದ ಲಾರಿಗಳು ಊರೂರು ದಾಟಿ ಬರುತ್ತಿರುತ್ತವೆ. ಆ ಲಾರಿಯ ಒಳಗೆ ಕಂಡದ್ದು ನನ್ನ ಪಾಲಿಗೆ ವಸಂತೋತ್ಸವ. ಗುಲಾಬಿ, ತೊಟ್ಟೆಯಲ್ಲೇ ಕಾಯಿ ಬಿಟ್ಟ ನಿಂಬೆ, ಗೇಣುದ್ದದ ಗಿಡದಲ್ಲಿ ಪೇರಳೆ. ವಿದ್ಯಾಗಿರಿಯ ಕಾಲೇಜು ಮಕ್ಕಳು ಮುಗಿಬೀಳುತ್ತಾರೆ ಎಂದು ಅರ್ಧ ಲಾರಿ ಇಳಿಸಿಕೊಂಡೆ. ಮುಗಿಬಿದ್ದರು ಕೂಡ, ಒಂದು ವಾರ ಕೈತುಂಬ ವ್ಯಾಪಾರ. ಆಮೇಲೆ ಜೂನ್ ಬಂತು. ಬೇರಿನ ಸುತ್ತ ಇದ್ದ ಜಿಗುಟು ಮಣ್ಣಿನ ಉಂಡೆ ನಮ್ಮ ಮಳೆಯನ್ನು ಕುಡಿದು ಇಳಿಸಲಾರದೆ, ಗಿಡಗಳು ನಿಂತಲ್ಲೇ ಕೊಳೆತವು. ಕೊಟ್ಟವರ ತಪ್ಪಲ್ಲ, ಅವರ ಮಣ್ಣಿಗೆ ಅವರ ಗಿಡ ಸರಿಯಾಗಿಯೇ ಇತ್ತು. ತೊಟ್ಟೆ ಬಿಚ್ಚಿ ಆ ಉಂಡೆಯನ್ನು ಸಡಿಲಿಸಿ ನಮ್ಮ ಮಣ್ಣಿಗೆ ದಾಟಿಸಿ ಮೂರು ತಿಂಗಳು ಇಟ್ಟುಕೊಂಡು ಆಮೇಲೆ ಮಾರಬೇಕಿತ್ತು. ಅಷ್ಟು ತಾಳ್ಮೆ ನನಗಿರಲಿಲ್ಲ. ಅಮ್ಮ ಬಂದವಳು ಏನೂ ಬೈಯಲಿಲ್ಲ. “ಕೊಂಡವರ ಹೆಸರು ಬರೆದಿದ್ದೀಯಾ?” ಅಂತ ಮಾತ್ರ ಕೇಳಿದಳು. ಬರೆದಿರಲಿಲ್ಲ. ಆ ಗಿರಾಕಿಗಳಲ್ಲಿ ಯಾರೂ ದೂರು ಹೇಳಲು ಬರಲಿಲ್ಲ, ಯಾರೂ ಮತ್ತೆ ಗಿಡ ಕೊಳ್ಳಲೂ ಬರಲಿಲ್ಲ. ಗಂಡು ಜಾಯಿಕಾಯಿ ಹಿಡಿದುಕೊಂಡು ಬಂದ ಶಿರ್ತಾಡಿಯವರು ಎಂಥ ಉಪಕಾರ ಮಾಡಿದ್ದರೆಂದು ಅವತ್ತು ಗೊತ್ತಾಯಿತು.

ಅಂದಿನಿಂದ ಬರೆ ಪುಸ್ತಕವನ್ನು ನಾನೂ ಬರೆಯುತ್ತೇನೆ. ಅಮ್ಮನ ಬರವಣಿಗೆಯನ್ನು ಓದಲು ಮೊದಲು ಕಲಿಯಬೇಕಾಯಿತು. ಅಲ್ಲಿ ದರವಿಲ್ಲ, ಮೊತ್ತವಿಲ್ಲ. ಗಿರಾಕಿಯ ಹೆಸರೂ ಅಪರೂಪ. ‘ಬೆಳುವಾಯಿ, ಬಾವಿಯ ಬದಿ, ಬಕ್ಕೆ ಹಲಸು 1.’ ‘ಅಲಂಗಾರು, ನಗುವ ಬಾಯಮ್ಮ, ಮುಂಡಪ್ಪ 2.’ ‘ಪುತ್ತಿಗೆ, ಮಗಳ ಮದುವೆಯ ವರ್ಷ, ತೆಂಗು 10.’ ಕೆಲವು ಸಾಲುಗಳ ಮೇಲೆ ಗೀಟು ಎಳೆದಿದೆ. ಲೆಕ್ಕ ಚುಕ್ತಾ ಆದದ್ದು ಎಂದು ನಾನು ತಿಳಿದಿದ್ದೆ. ಒಂದು ರೀತಿಯಲ್ಲಿ ಹೌದು. ಆ ಗಿಡ ಮರವಾಗಿ ಕಾಯಿ ಬಿಟ್ಟಿತು, ತಾನು ಹೇಳಿ ಕೊಟ್ಟ ಜಾತಿಯದ್ದೇ ಹೌದು ಎಂದು ಅಮ್ಮನಿಗೆ ಗೊತ್ತಾದ ದಿನ ಗೀಟು ಬೀಳುತ್ತದೆ. ಗೊತ್ತಾಗದಿದ್ದರೆ ಸಾಲು ಹಾಗೆಯೇ ಬಾಯಿ ತೆರೆದುಕೊಂಡಿರುತ್ತದೆ, ಮೂವತ್ತು ವರ್ಷವಾದರೂ.

ಗೊತ್ತಾಗುವುದು ಹೇಗೆ? ಹೆಚ್ಚಾಗಿ ಬಸ್ಸಿನ ಕಿಟಕಿಯಿಂದ. ಅಮ್ಮನನ್ನು ಕರೆದುಕೊಂಡು ಎಲ್ಲಿಗೆ ಹೊರಟರೂ ದಾರಿ ಉದ್ದಕ್ಕೂ ಬೆರಳು ಚಾಚುತ್ತಿರುತ್ತಾಳೆ. “ಅಗೋ ನಮ್ಮದು.” ಯಾರದೋ ಕಂಪೌಂಡು, ಯಾರದೋ ಹಲಸು. ವೇಣೂರಿನ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ಇಡೀ ಜನಸಾಗರ ಮೇಲೆ ಗೊಮ್ಮಟನನ್ನು ನೋಡುತ್ತಿದ್ದರೆ ಅಮ್ಮ ಆಚೆ ತೋಟದ ಅಂಚಿನ ಮಾವನ್ನು ನೋಡುತ್ತಿದ್ದಳು. ಮನೆ ಮಾರಿ ಹೋದವರ ಹಿತ್ತಿಲಲ್ಲೂ ಅವಳ ಮರಗಳಿವೆ. ಹೆದ್ದಾರಿ ಅಗಲವಾಗುವಾಗ ಸಾಣೂರಿನಿಂದ ಬಿಕರ್ನಕಟ್ಟೆಯ ತನಕ ಬದಿಯ ಮರಗಳು ಉರುಳಿದವಲ್ಲ, ಅದರಲ್ಲೂ ಅವಳ ಮೂರು ಸಾಲುಗಳಿದ್ದವು. ಅವುಗಳ ಮೇಲೆ ಮೊದಲೇ ಗೀಟು ಬಿದ್ದಿತ್ತು ಎಂಬುದು ಅವಳ ಸಮಾಧಾನ. ನನಗೆ ಸಿಕ್ಕಿದ ನರ್ಸರಿ ಈ ಎಪ್ಪತ್ತು ಸೆಂಟ್ಸಿನದು ಎಂದು ನಂಬಿಕೊಂಡು ಬಂದವಳು ನಾನು. ನೋಡಿದರೆ ಅದು ನಾರಾವಿಯಿಂದ ಮಿಜಾರಿನ ತನಕ ಪರರ ಜಾಗದಲ್ಲಿ ಚೆಲ್ಲಿಕೊಂಡಿದೆ. ಬೇಲಿ ಹಾಕುವ ಹಾಗಿಲ್ಲ, ಜವಾಬ್ದಾರಿ ಮಾತ್ರ ನನ್ನದು.

ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು ಹಲಸು’ ಕೇಳಿರಬಹುದು. ಸಿದ್ದಪ್ಪ ಎಂಬವರು ನೆಟ್ಟ ಒಂದೇ ಒಂದು ಮರ. ಎರಡೂವರೆ ಕಿಲೋದ ಸಣ್ಣ ಹಣ್ಣು, ತಾಮ್ರಗೆಂಪು ತೊಳೆ. ಅವರ ಮಗನ ಕಾಲಕ್ಕೆ, 2017ರಲ್ಲಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, ಕಸಿ ಗಿಡ ಮಾಡಿ ಮಾರುವ ಒಪ್ಪಂದ ಮಾಡಿಕೊಂಡಿತು. ತಂದೆಯ ಹೆಸರೇ ತಳಿಯ ಹೆಸರಾಯಿತು. ಆ ಸುದ್ದಿ ಓದಿ ಹೇಳಿದೆ, ನಾವೂ ಒಂದು ಒಳ್ಳೆಯ ಹಲಸು ಹುಡುಕಿ ನಿನ್ನ ಹೆಸರಿಡುವ ಎಂದು. ಅಮ್ಮ ಕೂಡಲೇ, “ತುಳುವ ಹಲಸಿಗೆ ಇಡಬೇಡ” ಅಂದಳು. ತುಳುವ ಅಂದರೆ ಕೈಗೆ ಬಾಯಿಗೆ ಅಂಟುವ ಮೆತ್ತನೆಯ ಜಾತಿ. ನಮ್ಮ ಭಾಷೆಗೂ ಅದೇ ಹೆಸರಿನ ನಂಟು ಎಂಬುದು ಬೇರೆ ಮಾತು.

ಅಮ್ಮ ಮತ್ತು ಮಗಳು ಒಂದೇ ನರ್ಸರಿಯಲ್ಲಿ ಎಂದ ಕೂಡಲೇ ಬಂದವರು ಕಸಿಯ ಉಪಮೆ ಕೊಡುತ್ತಾರೆ. ಹಳೇ ಬುಡಕ್ಕೆ ಹೊಸ ಕುಡಿ ಇತ್ಯಾದಿ. ವನಮಹೋತ್ಸವದ ಭಾಷಣಕ್ಕೆ ಚೆನ್ನಾಗಿರುತ್ತದೆ. ಕಸಿ ಕಟ್ಟಿದವರಿಗೆ ಗೊತ್ತು, ಕುಡಿ ಕೂತಿತೋ ಇಲ್ಲವೋ ಎಂದು ಮೂರೇ ವಾರದಲ್ಲಿ ತಿಳಿಯುತ್ತದೆ. ನಮ್ಮದು ಆರು ವರ್ಷವಾದರೂ ತೀರ್ಮಾನವಾಗಿಲ್ಲ. ಈಗಲೂ ನಾನು ನೀರು ಹಾಕಿ ಒಳಗೆ ಹೋದ ಮೇಲೆ ಅಮ್ಮ ಕೋಲೂರಿಕೊಂಡು ಬಂದು ತೊಟ್ಟೆಗೆ ಬೆರಳು ಚುಚ್ಚಿ ನೋಡುತ್ತಾಳೆ. ಸರಿಯಾಗದ ತೊಟ್ಟೆಯನ್ನು ಕಾಲಿನಲ್ಲಿ ತಳ್ಳಲು ಮೊಣಕಾಲು ಬಿಡುವುದಿಲ್ಲ, ಕೋಲಿನಲ್ಲಿ ತಳ್ಳುತ್ತಾಳೆ.

ಕಳೆದ ಸೋಣ ತಿಂಗಳಲ್ಲಿ ಶಿರ್ತಾಡಿಯವರು ಮತ್ತೆ ಬಂದರು. ನನ್ನೆದೆ ಧಸಕ್ಕೆಂದಿತು. ಈ ಸಲ ಕೈಯಲ್ಲಿ ರೆಂಬೆಯಿರಲಿಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಐದು ಜಾಯಿಕಾಯಿ, ಅರಳಿದ ಕೆಂಪು ಜಾಪತ್ರೆಯ ಸಮೇತ. ಅಮ್ಮ ಒಂದನ್ನು ಎತ್ತಿ ಮೂಸಿ, ಪುಸ್ತಕ ತರಲು ಹೇಳಿದಳು. ಪುಟ ಹುಡುಕಿಕೊಟ್ಟೆ. ಪೆನ್ನನ್ನು ನನ್ನ ಕೈಗೇ ಕೊಟ್ಟು, “ನೀನೇ ಎಳೆ” ಅಂದಳು.

ಆ ಪುಸ್ತಕದಲ್ಲಿ ನಾನು ಬರೆದ ಸಾಲುಗಳು ಈಗ ಇನ್ನೂರ ಹನ್ನೊಂದು. ಗೀಟು ಬಿದ್ದದ್ದು ಒಂಬತ್ತಕ್ಕೆ, ಅದೂ ಹೆಚ್ಚಿನವು ಪಪ್ಪಾಯಿ, ನುಗ್ಗೆ. ನಾನು ಮಾರಿದ ಮೊದಲ ಮ್ಯಾಂಗೋಸ್ಟೀನ್ ಇರುವುದು ಪಾಲಡ್ಕದಲ್ಲಿ, ಅದಕ್ಕಿನ್ನೂ ಹೂವಿಲ್ಲ. ನೀವು ಎಂದಾದರೂ ಮೂಡುಬಿದಿರೆಯ ದಾರಿಯಲ್ಲಿ ಪಾಲೆ ಎಂದು ಬರೆದ ಮರದ ಬಳಿ ನಿಲ್ಲಿಸಿ ಗಿಡ ಕೊಂಡು ಹೋದವರಾಗಿದ್ದರೆ, ಅದು ಕಾಯಿ ಬಿಟ್ಟಿದ್ದರೆ, ದಯವಿಟ್ಟು ಒಂದು ಮಾತು ಹೇಳಿ ಹೋಗಿ. ಹಣ್ಣು ತರಬೇಕೆಂದಿಲ್ಲ. ಗಂಡಾಗಿದ್ದರೆ ರೆಂಬೆ ಮುರಿದು ತನ್ನಿ. ಮಧ್ಯಾಹ್ನ ಒಂದರಿಂದ ಮೂರರ ತನಕ ಬೇಡ, ಅಮ್ಮ ಮಲಗಿರುತ್ತಾಳೆ.